ಕಮಲಾ ಸಾಯ್ತಾಳೆ ಅಂತ ಗೊತ್ತಿದ್ದೂ ಕೊಂಡ ಪುಸ್ತಕ

2023ರ ಮೇ 31, ಬುಧವಾರ. ನಾನು ನ್ಯೂಜೆರ್ಸಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಮೆರಿಕದಲ್ಲಿ ಹೊಸ ಕಾಮಿಕ್ಸ್ ಅಂಗಡಿಗೆ ಬರುವುದು ಹೆಚ್ಚಾಗಿ ಬುಧವಾರವೇ. ಅಕ್ಕನ ಮಗಳು ಸ್ಕೂಲಿನಿಂದ ಬಂದವಳೇ ಶೂ ಕೂಡ ಬಿಚ್ಚದೆ, "ಮಾಮ, ಬಾ ಹೋಗೋಣ" ಅಂದಳು.

ಅವತ್ತು ಬರಬೇಕಿದ್ದದ್ದು 'ಅಮೇಜಿಂಗ್ ಸ್ಪೈಡರ್-ಮ್ಯಾನ್' ಹೊಸ ಎಣಿಕೆಯ 26ನೇ ಸಂಚಿಕೆ. ಅದರಲ್ಲಿ ಕಮಲಾ ಖಾನ್, ಅಂದರೆ ಸೂಪರ್‌ಹೀರೋ ಮಿಸ್ ಮಾರ್ವೆಲ್, ಸಾಯುತ್ತಾಳೆ. ಇದು ಅಷ್ಟರಲ್ಲೇ ಊರಿಗೆಲ್ಲ ಗೊತ್ತಿತ್ತು. ಸುದ್ದಿ ಸೋರಿದ ಮೇಲೆ ಪ್ರಕಾಶಕರಾದ ಮಾರ್ವೆಲ್‌ನವರೇ ಸುಮಾರು ಎರಡು ವಾರ ಮೊದಲು ಹೌದು ಅಂತ ಹೇಳಿದ್ದರು. ಕಮಲಾ ಜೆರ್ಸಿ ಸಿಟಿಯ ಹುಡುಗಿ, ಅವಳ ಅಪ್ಪ ಅಮ್ಮ ಪಾಕಿಸ್ತಾನದಿಂದ ಬಂದವರು. ಮನೆಯೊಳಗೆ ಒಂದು ಲೋಕ, ಸ್ಕೂಲಿನಲ್ಲಿ ಇನ್ನೊಂದು. ನಮ್ಮ ಹುಡುಗಿಗೆ ಅವಳೆಂದರೆ ಯಾಕಷ್ಟು ಪ್ರೀತಿ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಅಂಗಡಿಯಲ್ಲಿ ಅವಳು ಪುಸ್ತಕ ಹಿಡಿದು ಮೂಲೆ ಸೇರಿದಳು. ನಾನು ಅಂಗಡಿಯವರನ್ನು ಕೇಳಿದೆ: ಪ್ರಕಾಶಕರು ತಮ್ಮ ಕಥೆಯ ಗುಟ್ಟನ್ನು ತಾವೇ ಯಾಕೆ ಬಿಟ್ಟುಕೊಡುತ್ತಾರೆ? ಅವರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮುಂದೆ ಬರಲಿರುವ ಒಂದು ಸಂಚಿಕೆಯ ಆರ್ಡರ್ ಪುಟ. ಕವರ್ ಇರಬೇಕಾದ ಜಾಗದಲ್ಲಿ ಬರೀ ಕಪ್ಪು ಚೌಕ. ಕಥೆಯ ಬಗ್ಗೆ ಒಂದು ಸಾಲೂ ಇಲ್ಲ. ಇದನ್ನು ನೋಡಿ ಎಷ್ಟು ಪ್ರತಿ ತರಿಸಲಿ ನೀವೇ ಹೇಳಿ, ಅಂದರು. ಕೊನೆಯ ಆರ್ಡರನ್ನು ಕೆಲವು ವಾರ ಮೊದಲೇ ಕೊಡಬೇಕು. ಮಾರದೆ ಉಳಿದರೆ ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ಕಡಿಮೆ ತರಿಸಿದರೆ ಗಿರಾಕಿ ಬರಿಗೈಯಲ್ಲಿ ಹೋಗುತ್ತಾರೆ. ಗುಟ್ಟು ಕಾಪಾಡಿದಷ್ಟೂ ಅಂಗಡಿಯವರು ಕಣ್ಣು ಕಟ್ಟಿಕೊಂಡು ದುಡ್ಡು ಹಾಕಬೇಕು.

2007ರಲ್ಲಿ ಆದದ್ದು ಅದೇ. 'ಕ್ಯಾಪ್ಟನ್ ಅಮೆರಿಕ' 25ನೇ ಸಂಚಿಕೆಯಲ್ಲಿ ಸ್ಟೀವ್ ರಾಜರ್ಸ್, ಅಂದರೆ ಕ್ಯಾಪ್ಟನ್ ಅಮೆರಿಕನೇ, ಸತ್ತ ಸುದ್ದಿ ಅದು ಅಂಗಡಿಗೆ ಬಂದ ದಿನವೇ ಬೆಳಿಗ್ಗೆ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂತು. ಕಾಮಿಕ್ಸ್ ಮುಟ್ಟದವರೂ ಅಂಗಡಿಗೆ ನುಗ್ಗಿದರು. ಎಷ್ಟೋ ಅಂಗಡಿಗಳಲ್ಲಿ ಸಾಕಷ್ಟು ಪ್ರತಿಯೇ ಇರಲಿಲ್ಲ. 2018ರಲ್ಲಿ ಆದದ್ದು ಇದರ ತಿರುಗುಮುರುಗು. ಬ್ಯಾಟ್‌ಮನ್‌ಗೂ ಕ್ಯಾಟ್‌ವುಮನ್‌ಗೂ ಮದುವೆ ಅಂತ ತಿಂಗಳುಗಟ್ಟಲೆ ಪ್ರಚಾರ. ಅದನ್ನೇ ನಂಬಿ ಅಂಗಡಿಗಳು ಜಾಸ್ತಿ ಪ್ರತಿ ತರಿಸಿದ್ದವು, ಕೆಲವು ಕಡೆ ಪಾರ್ಟಿಯೂ ಗೊತ್ತಾಗಿತ್ತು. 50ನೇ ಸಂಚಿಕೆ ಬರಬೇಕಿದ್ದದ್ದು ಜುಲೈ 4, ಬುಧವಾರ. ಮದುವೆ ನಡೆಯುವುದೇ ಇಲ್ಲ ಅಂತ ನ್ಯೂಯಾರ್ಕ್ ಟೈಮ್ಸ್ ಅದರ ಹಿಂದಿನ ಭಾನುವಾರವೇ ಬರೆಯಿತು. ಅಂಗಡಿಯವರು ಸಿಟ್ಟಾದದ್ದು ನ್ಯಾಯವೇ.

ಅದೇ ಅಂಗಡಿಯಲ್ಲಿ ನಾನು 1973ರ ಒಂದು ಸಂಚಿಕೆಯ ಮರುಮುದ್ರಣ ತೆಗೆದುಕೊಂಡೆ. 'ಅಮೇಜಿಂಗ್ ಸ್ಪೈಡರ್-ಮ್ಯಾನ್' 121, ಸ್ಪೈಡರ್-ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸಾಯುವ ಕಥೆ. ಕವರ್ ಮೇಲೆ ಸ್ಪೈಡರ್-ಮ್ಯಾನ್‌ಗೆ ಹತ್ತಿರದವರ ಮುಖಗಳು, ಇವರಲ್ಲೊಬ್ಬರು ಸಾಯುತ್ತಾರೆ ಅನ್ನುವ ಸುಳಿವು. ಯಾರು ಅಂತಿಲ್ಲ. ಮೊದಲ ಪುಟದಲ್ಲಿ ಕಥೆಗೆ ಹೆಸರೇ ಇಲ್ಲ! ಹೆಸರು ಇರುವುದು ಕೊನೆಯ ಪುಟದಲ್ಲಿ, 'ಗ್ವೆನ್ ಸ್ಟೇಸಿ ಸತ್ತ ರಾತ್ರಿ' ಅಂತ. ಹೆಸರನ್ನು ಮೊದಲೇ ಹಾಕಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಪುಸ್ತಕ ಕಟ್ಟುವ ರೀತಿಯಲ್ಲೇ ಗುಟ್ಟು ಕಾಪಾಡಿದ್ದಾರೆ. ನನಗೆ ಅದರ ಮೇಲೆ ತುಂಬಾ ಗೌರವ. ಆ ಸಂಚಿಕೆಗೆ ಇಂಕ್ ಮಾಡಿದವರಲ್ಲಿ, ಅಂದರೆ ಪೆನ್ಸಿಲ್ ಚಿತ್ರಗಳನ್ನು ಶಾಯಿಯಲ್ಲಿ ತಿದ್ದಿದವರಲ್ಲಿ, ಒಬ್ಬರು ಜಾನ್ ರೊಮಿಟಾ. ಐವತ್ತು ವರ್ಷದ ಮೇಲೆ ಕಮಲಾ ಸಾಯುವ ಸಂಚಿಕೆಗೆ ಚಿತ್ರ ಬರೆದದ್ದು ಅವರ ಮಗ.

ಇವತ್ತು ಅಷ್ಟು ಗುಟ್ಟಾಗಿಡುವುದು ಕಷ್ಟ, ಒಪ್ತೀನಿ. ಆದರೂ ಪ್ರಕಾಶಕರು ಅಂಗಡಿಯವರಿಗೆ ಆರ್ಡರ್‌ಗೆ ಮೊದಲು ನಂಬಿಕೆಯಿಂದ ಒಂದು ಮಾತು ಹೇಳಲಿ. ಪತ್ರಿಕೆಯವರು ಬುಧವಾರ ರಾತ್ರಿಯವರೆಗೆ ಕಾಯಲಿ. ತಿಂಗಳು ತಿಂಗಳು ದುಡ್ಡು ಕೊಟ್ಟು ಓದುವವರಿಗೆ ಆ ಪುಟ ಮೊದಲು ಸಿಗಬೇಕು.

ವಾಪಸ್ ಬರುವಾಗ ಕಾರಿನಲ್ಲಿ ಇದನ್ನೇ ಹೇಳಿದೆ. ಹುಡುಗಿ ಒಪ್ಪಲಿಲ್ಲ. "ಗೊತ್ತಿಲ್ದೆ ಓದಿದ್ರೆ ನಂಗೆ ಆ ಪೇಜ್ ದಾಟಕ್ಕೇ ಆಗ್ತಿರ್ಲಿಲ್ಲ ಮಾಮ. ಎರಡು ವಾರ ಟೈಮ್ ಸಿಕ್ತಲ್ಲ, ಒಳ್ಳೇದಾಯ್ತು" ಅಂದಳು. ಹಾಗಾದರೆ ಕಮಲಾ ವಾಪಸ್ ಬರುತ್ತಾಳೋ ಇಲ್ಲವೋ ಅಂತಲೂ ಈಗಲೇ ಹೇಳಿಬಿಡಬೇಕಾ, ಅಂತ ಕೇಳಿದೆ. "ಬೇಡ, ಅದು ಮಾತ್ರ ಬೇಡ" ಅಂದುಬಿಟ್ಟಳು. ಸಾವು ಮೊದಲೇ ಗೊತ್ತಿರಬೇಕು, ಬದುಕಿ ಬರುವುದು ಗೊತ್ತಾಗಬಾರದು ಅನ್ನುವ ಓದುಗರೂ ಇದ್ದಾರೆ ಅಂತ ನನಗೆ ಹೊಳೆದೇ ಇರಲಿಲ್ಲ.