ಈ ಅಕೌಂಟ್ ಯಾಕೆ ತೆಗೆದಿದ್ರಿ?

ಜನವರಿ 17ರ ಮಧ್ಯಾಹ್ನ ಚನ್ನಗಿರಿ ಕಡೆಯ ಒಬ್ಬ ಯಜಮಾನರಿಂದ ವಾಟ್ಸಾಪ್ ಬಂತು. ಬ್ಯಾಂಕ್ ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್. ಖಾತೆಯಿಂದ 71,250 ರೂಪಾಯಿ ಕಡಿತ. ಕೆಳಗೆ ಒಂದು ಸಾಲು: ‘ಕಂತು ಹೋಯ್ತು ಮೇಡಂ. ಈ ಸಲ ಏನೂ ಚಿಂತೆ ಇಲ್ಲ.’

ಅದೇ ಚಾಟ್ ಮೇಲಕ್ಕೆ ಸರಿಸಿದೆ. 2025ರ ಜುಲೈ 17. ಅದೇ ಬ್ಯಾಂಕ್, ಅದೇ ಮೊತ್ತ, ಅಂಥದ್ದೇ ಸ್ಕ್ರೀನ್‌ಶಾಟ್. ಅವತ್ತು ಅವರು ಕೇಳಿದ್ದರು: ‘ಮೇಡಂ ಇದು ಕಟ್ ಆಗೈತೆ, ಏನಾದ್ರೂ ತೊಂದ್ರೆನಾ?’ ಕೆಳಗೆ ನನ್ನ ಉತ್ತರ ಇದೆ. ಒಂದು ಹೆಬ್ಬೆರಳು, ಅಷ್ಟೇ.

ಆ ಹೆಬ್ಬೆರಳು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಿದೇಶಕ್ಕೆ ಓದಲು ಹೋಗುವ ಮಕ್ಕಳ ಅಡ್ಮಿಷನ್, ವೀಸಾ ನೋಡಿಕೊಳ್ಳುವ ದಾವಣಗೆರೆಯ ಒಂದು ಕನ್ಸಲ್ಟೆನ್ಸಿಯಲ್ಲಿ ನಾನು ಕೌನ್ಸೆಲರ್. ಏಳು ವರ್ಷ ಆಯಿತು. ಯುಕೆ ಫೈಲ್‌ಗಳು ಜಾಸ್ತಿ, ಐರ್ಲೆಂಡ್ ಸ್ವಲ್ಪ, ಜರ್ಮನಿ ಆಗೊಮ್ಮೆ ಈಗೊಮ್ಮೆ. ಆ ಯಜಮಾನರ ಮಗಳು ಮೊದಲು ಬಂದದ್ದು ಜರ್ಮನಿ ಕೇಳಿಕೊಂಡೇ. ಬಯೋಟೆಕ್ನಾಲಜಿಯಲ್ಲಿ ಬಿಇ ಮುಗಿಸಿದ್ದಳು, ಫುಡ್ ಸೈನ್ಸ್‌ನಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ಆಸೆ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಕಡೆ ಫೀಸಿಲ್ಲ ಅಂತ ಯಾರೋ ಹೇಳಿದ್ದರು. ಅದು ನಿಜವೇ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಇನ್ನೂ ಕೆಲವು ಕಡೆ ಈಗ ಶುರುವಾಗಿದೆ. ಆದರೆ ನಮ್ಮ ಮಾರ್ಕ್ಸ್ ಕಾರ್ಡುಗಳು ಅಸಲಿ ಅಂತ ತೋರಿಸುವ ಎಪಿಎಸ್ ಸರ್ಟಿಫಿಕೇಟ್ ಬೇಕು, ಅದಕ್ಕೆ 18,000 ರೂಪಾಯಿ. ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ಅಲ್ಲಿನ ಖರ್ಚಿಗೆ ಮೊದಲೇ ಕೂಡಿಡುವ ಖಾತೆಯಲ್ಲಿ, 11,904 ಯೂರೋ ಇಡಬೇಕು. ಕೋರ್ಸ್ ಎರಡು ವರ್ಷ, ಜೊತೆಗೆ ಭಾಷೆ ಕಲಿಯಬೇಕು.

ಎರಡೂ ದೇಶದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದುಕೊಟ್ಟೆ. ಒಂದೇ ವರ್ಷದಲ್ಲಿ ಮುಗಿಯುತ್ತದೆ ಅಂತ ಅವಳು ಯುಕೆ ಆರಿಸಿಕೊಂಡಳು. ಆದರೆ ಯುಕೆ ಬಗ್ಗೆ ಹೇಳುವಾಗ ನನ್ನ ದನಿ ಹೆಚ್ಚು ಹುರುಪಿನಿಂದ ಇತ್ತು. ಯುಕೆಗೆ ಒಬ್ಬರು ಸೇರಿದರೆ ಯೂನಿವರ್ಸಿಟಿ ನಮ್ಮ ಆಫೀಸಿಗೆ ಕಮಿಷನ್ ಕೊಡುತ್ತದೆ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಯಿಂದ ನಮಗೆ ಏನೂ ಬರುವುದಿಲ್ಲ. ನನ್ನ ಟಾರ್ಗೆಟ್ ಶೀಟ್‌ನಲ್ಲಿ ಜರ್ಮನಿಗೆ ಕಾಲಮ್ಮೇ ಇಲ್ಲ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು ಅಂತ ಮ್ಯಾನೇಜ್‌ಮೆಂಟ್‌ಗೆ ಎರಡು ಸಲ ಹೇಳಿದ್ದೇನೆ, ಪ್ರಯೋಜನ ಆಗಿಲ್ಲ. ಈಗ ನಾನೇ ಹೇಳಿಬಿಡುತ್ತೇನೆ.

ಇರಲಿ. ಯೂನಿವರ್ಸಿಟಿಯಿಂದ ಕಂಡಿಷನಲ್ ಆಫರ್, ಅಂದರೆ ಷರತ್ತಿನ ಸೀಟು ಬಂತು, ಅನ್‌ಕಂಡಿಷನಲ್ ಆಯಿತು. 4,500 ಪೌಂಡ್ ಡಿಪಾಸಿಟ್ ಕಟ್ಟಿದರು. ಟಿಬಿ ಟೆಸ್ಟ್ ಬೆಂಗಳೂರಿನಲ್ಲಿ ಮುಗಿಯಿತು. ಉಳಿದದ್ದು ಫಂಡ್ಸ್, ಅಂದರೆ ಫೀಸಿಗೂ ಖರ್ಚಿಗೂ ಹಣ ಇದೆ ಅಂತ ವೀಸಾಗೆ ತೋರಿಸುವುದು.

ಬಾಕಿ ಫೀಸು 12,000 ಪೌಂಡ್. ಲಂಡನ್ ಹೊರಗಿನ ಕೋರ್ಸ್ ಆದ್ದರಿಂದ ಆಗಿನ ನಿಯಮದ ಪ್ರಕಾರ ತಿಂಗಳಿಗೆ 1,136ರಂತೆ ಒಂಬತ್ತು ತಿಂಗಳ ಖರ್ಚು 10,224. ಒಟ್ಟು 22,224 ಪೌಂಡ್. ನಾನು 118 ರೂಪಾಯಿಯಂತೆ ಲೆಕ್ಕ ಹಾಕಿದೆ. 26,22,432 ರೂಪಾಯಿ ಬಂತು. ಇಷ್ಟು ಹಣ 28 ದಿನ ಸತತವಾಗಿ ಖಾತೆಯಲ್ಲಿರಬೇಕು, ಒಂದು ದಿನವೂ ಇಳಿಯಬಾರದು.

ಯಜಮಾನರು ಅಡಿಕೆ ಬೆಳೆಗಾರರು. ವ್ಯವಹಾರ ಎಲ್ಲ ಸೊಸೈಟಿಯಲ್ಲಿ. ರಾಶಿ ಅಡಿಕೆಗೆ ಕ್ವಿಂಟಲ್‌ಗೆ ಐವತ್ತು ಸಾವಿರದ ಮೇಲೆ ರೇಟ್ ಇತ್ತು. ಎರಡು ವರ್ಷದಿಂದ ಇಟ್ಟುಕೊಂಡಿದ್ದ ಮಾಲನ್ನು ಮಗಳಿಗಾಗಿ ಮಾರಿದ್ದರು. ಲೋನ್ ಬೇಡ ಅಂದಿದ್ದರು. ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಅಡಮಾನ ಕೇಳುತ್ತಾರೆ, ತೋಟದ ಪತ್ರ ಇಡಲು ಅವರಿಗೆ ಮನಸ್ಸಿರಲಿಲ್ಲ.

ಸೊಸೈಟಿ ಪಾಸ್‌ಬುಕ್ಕನ್ನು ನಾವು ಫೈಲ್‌ಗೆ ಹಾಕುವುದಿಲ್ಲ. ‘ನ್ಯಾಷನಲೈಸ್ಡ್ ಬ್ಯಾಂಕಿನಲ್ಲಿ ಅಕೌಂಟ್ ಇದೆಯಾ ಯಜಮಾನ್ರೇ?’ ಅಂತ ಕೇಳಿದೆ.

‘ಐತ್ರಿ, ಒಂದೈತೆ.’

‘ಅದಕ್ಕೇ ಹಾಕಿಬಿಡಿ.’

ಇಲ್ಲಿ ನಾನು ಒಂದು ಪ್ರಶ್ನೆ ಕೇಳಬೇಕಿತ್ತು. ಎಲ್ಲವನ್ನೂ ಸೊಸೈಟಿಯಲ್ಲೇ ಮಾಡುವ ಮನುಷ್ಯ ಈ ಬ್ಯಾಂಕಿನಲ್ಲಿ ಖಾತೆ ಯಾಕೆ ತೆಗೆದರು? ಟ್ರ್ಯಾಕ್ಟರ್ ಸಾಲಕ್ಕೆ ತೆಗೆದಿದ್ದರು. ಆರು ತಿಂಗಳಿಗೊಮ್ಮೆ ಕಂತು ತಾನಾಗೇ ಹೋಗುತ್ತಿತ್ತು. ಆ ಖಾತೆ ಇದ್ದದ್ದೇ ಹಣ ಕಡಿತ ಆಗುವುದಕ್ಕೆ. 28 ದಿನ ಒಂದು ರೂಪಾಯಿಯೂ ಅಲುಗಾಡಬಾರದ ಹಣವನ್ನು ತಂದು ನಾನು ಅದರಲ್ಲೇ ಇಡಿಸಿದೆ.

ಜುಲೈ 1ಕ್ಕೆ ಹಣ ಹಾಕಿದರು. ಬ್ಯಾಲೆನ್ಸ್ 26,53,412. ‘ಇನ್ನೊಂದು ಲಕ್ಷ ಇಡ್ಲಾ ಮೇಡಂ?’ ಅಂತ ಅವರೇ ಕೇಳಿದ್ದರು. ಬೇಡ, ಸುಮ್ನೆ ಬಡ್ಡಿಗೆ ಯಾಕೆ ತರುತ್ತೀರಿ, ಮೂವತ್ತು ಸಾವಿರ ಜಾಸ್ತಿನೇ ಇದೆ ಅಂದೆ. ಅವರ ದುಡ್ಡು ಉಳಿಸುತ್ತಿದ್ದೇನೆ ಅಂತಲೇ ನಂಬಿದ್ದೆ. ಇಲ್ಲಿ ಪೌಂಡಿನ ರೇಟೂ ಒಂದೇ ಕಡೆ ನಿಲ್ಲುವುದಿಲ್ಲ. ವೀಸಾ ಕೊಡುವವರು ನೋಡುವುದು ಅಪ್ಲಿಕೇಶನ್ ಹಾಕಿದ ದಿನ ಒಆಂಡಾ ವೆಬ್‌ಸೈಟಿನಲ್ಲಿ ಇರುವ ದರ. ರೂಪಾಯಿ ಸ್ವಲ್ಪ ಬಿದ್ದರೂ ನನ್ನ ಮೂವತ್ತು ಸಾವಿರ ಕರಗಿಹೋಗುತ್ತಿತ್ತು.

ಜುಲೈ 17, ಗುರುವಾರ. ಇಂಟೇಕ್, ಅಂದರೆ ಅಡ್ಮಿಷನ್ ಹೊತ್ತು. ನನ್ನ ಹೆಸರಲ್ಲಿ ನಲವತ್ತಕ್ಕೂ ಹೆಚ್ಚು ಫೈಲ್. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಇನ್ನೊಂದು ಹುಡುಗನ ಸಿಎಎಸ್‌ನಲ್ಲಿ (ವೀಸಾಗಾಗಿ ಯೂನಿವರ್ಸಿಟಿ ಕೊಡುವ ದೃಢೀಕರಣ) ಹೆಸರು ತಪ್ಪಾಗಿತ್ತು ಅಂತ ಯೂನಿವರ್ಸಿಟಿಗೆ ಮೇಲ್ ಬರೆಯುತ್ತಿದ್ದೆ. ಯಜಮಾನರ ಸ್ಕ್ರೀನ್‌ಶಾಟ್ ಬಂತು. ಪೂರ್ತಿ ತೆರೆಯಲಿಲ್ಲ. ‘ಕಡಿತ’ ಅನ್ನುವ ಪದ ಕಂಡಿತು. ಎಸ್‌ಎಂಎಸ್ ಚಾರ್ಜೋ ಇನ್ಶೂರೆನ್ಸ್ ಪ್ರೀಮಿಯಮ್ಮೋ ಇರಬೇಕು ಅಂದುಕೊಂಡೆ. ರೈತರು ನೂರು ರೂಪಾಯಿ ಹೋದರೂ ಕೇಳುತ್ತಾರೆ ಅಂತ ನನ್ನೊಳಗೆ ಒಂದು ಎಣಿಕೆ ಇತ್ತು. ಆ ಎಣಿಕೆ ತಪ್ಪು. ಅದನ್ನು ಇಟ್ಟುಕೊಂಡು ಅವರ ಮಾತನ್ನು ಹಗುರವಾಗಿ ತೆಗೆದುಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು. ಹೆಬ್ಬೆರಳು ಒತ್ತಿ ಮೇಲ್‌ಗೆ ವಾಪಸ್ ಹೋದೆ.

ಜುಲೈ 30, ಬುಧವಾರ. ಹಿಂದಿನ ದಿನ ನಾಗರಪಂಚಮಿ. ಅಪ್ಪ-ಮಗಳು ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್‌ಗೆ ಸೀಲು ಹಾಕಿಸಿಕೊಂಡು ಬಸ್ಸಿನಲ್ಲಿ ಬಂದಿದ್ದರು. ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಉಂಡೆ, ಎಳ್ಳುಂಡೆ. ಯಜಮಾನರು ಡಬ್ಬಿಯನ್ನು ನನ್ನ ಕೀಬೋರ್ಡ್ ಪಕ್ಕ ಇಟ್ಟು, ‘ಮನೆಯಾಕೆ ಕೊಟ್ಟಾಳ್ರಿ, ಮೊದ್ಲು ಬಾಯಿ ಸಿಹಿ ಮಾಡ್ಕಳ್ರಿ’ ಅಂದರು. ಫಾರ್ಮ್ ತುಂಬಿ ಇಟ್ಟಿತ್ತು. ಅವತ್ತೇ ಫೀ ಕಟ್ಟಿ ಸಬ್ಮಿಟ್ ಮಾಡುವುದಿತ್ತು. ವೀಸಾಗೆ 524 ಪೌಂಡ್, ಅಲ್ಲಿನ ಆರೋಗ್ಯ ಸೇವೆಯ ಶುಲ್ಕ ಐಎಚ್‌ಎಸ್‌ಗೆ 1,164.

ನಾನು ಒಂದು ಉಂಡೆ ಬಾಯಿಗೆ ಹಾಕಿಕೊಂಡು ಸ್ಟೇಟ್‌ಮೆಂಟ್‌ನ ಕೊನೆಯ ಪುಟ ತೆರೆದೆ. ಬ್ಯಾಲೆನ್ಸ್ 25,82,162.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಬೇರೆ ಯಾರದ್ದೋ ಫೈಲ್ ತೆಗೆದೆನಾ ಅಂತ ಹೆಸರು ನೋಡಿದೆ. ಅವರದ್ದೇ. ಹಿಂದಿನ ಪುಟ ತಿರುಗಿಸಿದೆ. 17ನೇ ತಾರೀಕಿನ ಸಾಲಿನಲ್ಲಿ 71,250. ಬೆರಳನ್ನು ಅಲ್ಲೇ ಇಟ್ಟುಕೊಂಡು ಕ್ಯಾಲ್ಕುಲೇಟರ್ ತೆಗೆದೆ. ಒಂದು ಸಲ ಒತ್ತಿದೆ, ಎರಡು ಸಲ ಒತ್ತಿದೆ. 40,270 ಕಮ್ಮಿ. ಬಾಯಲ್ಲಿ ಇದ್ದ ಉಂಡೆ ಇಳಿಯಲಿಲ್ಲ.

ಹುಡುಗಿಗೆ ನನ್ನ ಮುಖದಿಂದಲೇ ಗೊತ್ತಾಯಿತು. ‘ಏನಾಯ್ತು ಮ್ಯಾಮ್?’ ಅಂದಳು.

‘ಯಜಮಾನ್ರೇ, ಇದು ಏನು?’ ಅಂತ ಆ ಸಾಲು ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ‘ಟ್ರ್ಯಾಕ್ಟರ್ ಕಂತಲ್ರೀ. ಅವತ್ತೇ ನಿಮಗೆ ಕಳಿಸಿದ್ನಲ್ಲ. ನೀವು ಓಕೆ ಅಂದ್ರಿ.’

ದನಿಯಲ್ಲಿ ಸಿಟ್ಟಿರಲಿಲ್ಲ. ಆಗಿದ್ದನ್ನು ಆಗಿದ್ದ ಹಾಗೆ ಹೇಳಿದರು. ನಾನು ಫೋನ್ ತೆಗೆದು ನೋಡಿದೆ. ಸ್ಕ್ರೀನ್‌ಶಾಟ್, ಪ್ರಶ್ನೆ, ಹೆಬ್ಬೆರಳು. ಬ್ಯಾಂಕಿನ ಮೇಲೆ ಹಾಕುವ ಹಾಗಿಲ್ಲ, ಅವರ ಮೇಲೂ ಹಾಕುವ ಹಾಗಿಲ್ಲ. ‘ತಪ್ಪು ನನ್ನದು’ ಅಂತ ಅವರ ಮುಂದೆಯೇ ಹೇಳಿದೆ. 28 ದಿನ ಮತ್ತೆ ಒಂದರಿಂದ ಶುರು ಆಗುತ್ತದೆ ಅಂತಲೂ ಹೇಳಿದೆ. ಹುಡುಗಿ ಅಳಲಿಲ್ಲ. ಡಬ್ಬಿಯ ಮುಚ್ಚಳ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕುಳಿತಳು. ಅದು ಅಳುವುದಕ್ಕಿಂತ ಜಾಸ್ತಿ ಕಷ್ಟ ಆಯಿತು ನೋಡಲು.

ಈಗ ಮುಖ್ಯ ಆದದ್ದು ಒಂದೇ. ಹಣ ಇವತ್ತೇ ಒಳಗೆ ಬಂದರೆ ಇವತ್ತಿನಿಂದಲೇ ಎಣಿಕೆ. ನಾಳೆ ಬಂದರೆ ಒಂದು ದಿನ ಹೋಯಿತು. ಯಜಮಾನರು ಹೊರಗೆ ಮೆಟ್ಟಿಲ ಮೇಲೆ ನಿಂತು ಹೆಂಡತಿಯ ತಮ್ಮನಿಗೆ ಫೋನ್ ಮಾಡಿದರು. ಎರಡೂವರೆಗೆ ಅವರಿಂದ ಒಂದೂವರೆ ಲಕ್ಷ ಬಂತು. ಜುಲೈ 30ರಿಂದ ಎಣಿಸಿದೆ. ಆಗಸ್ಟ್ 26ಕ್ಕೆ 28 ದಿನ. ಅವತ್ತು ಗೌರಿ ಹಬ್ಬ, ಮರುದಿನ ಗಣೇಶನ ಹಬ್ಬ, ಬ್ಯಾಂಕ್ ರಜೆ. 28ಕ್ಕೆ ಸ್ಟೇಟ್‌ಮೆಂಟ್. ಕಾಲೇಜಿಗೆ ತಲುಪಲು ಕೊನೆಯ ದಿನ ಸೆಪ್ಟೆಂಬರ್ 26. ಮಾಮೂಲಿ ಅಪ್ಲಿಕೇಶನ್‌ಗೆ ಬಯೋಮೆಟ್ರಿಕ್ ಆದಮೇಲೆ ಮೂರು ವಾರ. ಅದು ಬಹಳ ಬಿಗಿ. ಬೇಗ ತೀರ್ಮಾನ ಸಿಗುವ ಪ್ರಯಾರಿಟಿ ಹಾಕಲೇಬೇಕು. ಅದಕ್ಕೆ ಮತ್ತೆ 500 ಪೌಂಡ್.

17ರ ಸಂಜೆಯೇ ನಾನು ಆ ಸ್ಕ್ರೀನ್‌ಶಾಟ್ ತೆರೆದಿದ್ದರೆ ಆಗಸ್ಟ್ ಮಧ್ಯಕ್ಕೇ ಅಪ್ಲಿಕೇಶನ್ ಹೋಗುತ್ತಿತ್ತು. ಆ 500 ಪೌಂಡ್ ಬೇಕಾಗುತ್ತಿರಲಿಲ್ಲ. ಸುಮಾರು 59,000 ರೂಪಾಯಿ. ಆ ಮನೆಗೆ ಅದು ಒಂದು ಕ್ವಿಂಟಲ್ ಅಡಿಕೆ.

ಈ ದುಡ್ಡನ್ನು ಆಫೀಸು ಕೊಡಬೇಕು ಅಂತ ಮ್ಯಾನೇಜರ್ ಹತ್ತಿರ ಕೇಳಿದೆ. ‘ವೀಸಾ ರಿಫ್ಯೂಸ್ ಆಗಿಲ್ಲವಲ್ಲ, ಹಾಗಾಗಿ ಇದು ಕೇಸೇ ಅಲ್ಲ’ ಅಂದರು. ಫೈಲ್‌ಗಳನ್ನು ನೋಡಿಕೊಳ್ಳುವ ನಮ್ಮ ಸಾಫ್ಟ್‌ವೇರ್ ಸಿಆರ್‌ಎಮ್‌ನಲ್ಲಿ ಫಂಡ್ಸ್ ಅಂತ ಒಂದು ಬಾಕ್ಸ್ ಇದೆ, ಹೌದು ಅಥವಾ ಇಲ್ಲ ಒತ್ತಬೇಕು. ಯಾರ ಖಾತೆ, ಅದರಿಂದ ಏನೇನು ಕಡಿತ, ಯಾವ ತಾರೀಕಿಗೆ ಅಂತ ಬರೆಯಲು ಜಾಗವೇ ಇಲ್ಲ. ನಾನು ಜುಲೈ 1ರಂದು ‘ಹೌದು’ ಒತ್ತಿದ್ದೆ. ಜುಲೈ 17ರ ನಂತರವೂ ಅದು ಹಸಿರಾಗೇ ಇತ್ತು. ಹಣ ಹಾಗೇ ಇದೆಯಾ ನೋಡಿ ಅಂತ ಹದಿನೈದನೇ ದಿನಕ್ಕೆ ಒಂದು ರಿಮೈಂಡರ್ ಬರುವ ಹಾಗೆ ಮಾಡಿ ಅಂತ ಆಗಸ್ಟ್‌ನಲ್ಲಿ ಬರೆದು ಕೊಟ್ಟೆ. ಇನ್ನೂ ಬಂದಿಲ್ಲ. ಟಾರ್ಗೆಟ್ ಮಾತ್ರ ಪ್ರತಿ ಸೋಮವಾರ ತಪ್ಪದೆ ಬರುತ್ತದೆ.

ಅರ್ಧ ದುಡ್ಡು ನಾನು ಕೊಡುತ್ತೇನೆ ಅಂತ ಯಜಮಾನರಿಗೆ ಹೇಳಿದೆ. ಅವರು ತೆಗೆದುಕೊಳ್ಳಲಿಲ್ಲ. ‘ನಮ್ಮ ಹುಡುಗಿ ಸಲುವಾಗಿ ನೀವು ಓಡಾಡೀರಿ, ಅದು ಬ್ಯಾಡ’ ಅಂದರು. ಅವರು ಬೇಡ ಅಂದರೂ ನನ್ನ ಮನಸ್ಸಿನಲ್ಲಿ ಅದು ಬಾಕಿಯೇ.

ಆ 28 ದಿನ ಹೇಗೆ ಕಳೆಯಿತು ಅಂದರೆ, ಹುಡುಗಿ ಅಪ್ಪನ ಫೋನಿನಿಂದ ಆ ಖಾತೆಯ ಯುಪಿಐ ತೆಗೆದುಹಾಕಿದಳು. ಎಟಿಎಂ ಕಾರ್ಡನ್ನು ಅವ್ವನ ಬೀರುವಿನಲ್ಲಿ ಇಟ್ಟರು. ಬ್ಯಾಂಕಿಗೆ ಹೋಗಿ ಬೇರೆ ಏನೂ ಆಟೋ ಡೆಬಿಟ್ ಇಲ್ಲ ಅಂತ ಕೇಳಿಕೊಂಡು ಬಂದರು. ಪ್ರತಿ ರಾತ್ರಿ ಎಂಟು ಗಂಟೆಗೆ ಅವಳು ಬ್ಯಾಲೆನ್ಸ್ ಕಳಿಸುತ್ತಿದ್ದಳು. ನಾನು ಪ್ರತಿ ಅಂಕಿಯನ್ನೂ ಓದಿ, ಅಂಕಿಯನ್ನೇ ವಾಪಸ್ ಟೈಪ್ ಮಾಡಿ ಕಳಿಸುತ್ತಿದ್ದೆ. ಹೆಬ್ಬೆರಳು ಒತ್ತುವುದನ್ನು ಬಿಟ್ಟೆ, ಈಗಲೂ ಒತ್ತುವುದಿಲ್ಲ.

ಆ ರಾತ್ರಿಗಳಲ್ಲಿ ಜರ್ಮನಿಯ ಬ್ಲಾಕ್ಡ್ ಅಕೌಂಟ್ ಬಗ್ಗೆ ಯೋಚನೆ ಬರುತ್ತಿತ್ತು. ಅಲ್ಲಿ ಹಣ ಒಂದು ಸಲ ಹಾಕಿದರೆ ಮುಗಿಯಿತು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಮಗುವಿಗೇ ಸಿಗುತ್ತದೆ. ಊರಿನ ಯಾವ ಸಾಲದ ಕಂತೂ ಅದನ್ನು ಮುಟ್ಟುವ ಹಾಗಿಲ್ಲ. ವ್ಯವಸಾಯದ ಮನೆಯವರಿಗೆ ಎರಡು ದೇಶಗಳನ್ನು ಹೋಲಿಸಿ ಹೇಳುವಾಗ ಇದನ್ನೂ ಹೇಳಬೇಕು ಅಂತ ನನಗೆ ಆಗ ಹೊಳೆಯಿತು. ಫೀಸು, ರ್‍ಯಾಂಕಿಂಗ್, ಓದಿದ ಮೇಲೆ ಅಲ್ಲಿ ಕೆಲಸ ಮಾಡುವ ಅವಕಾಶ ಎಲ್ಲ ಹೇಳುತ್ತೇವೆ. ಆ ದುಡ್ಡು ಎಷ್ಟು ದಿನ, ಯಾರ ಹೆಸರಲ್ಲಿ, ಎಷ್ಟು ಭದ್ರವಾಗಿ ಕೂರುತ್ತದೆ ಅನ್ನುವುದು ಯಾರ ಬ್ರೋಷರ್‌ನಲ್ಲೂ ಇಲ್ಲ.

ಆಗಸ್ಟ್ 28ರ ಮಧ್ಯಾಹ್ನ ಸಬ್ಮಿಟ್ ಮಾಡಿದೆವು. ಅದಕ್ಕೂ ಮುಂಚೆ ಸ್ಟೇಟ್‌ಮೆಂಟಿನ ಪ್ರತಿ ಸಾಲನ್ನೂ ಸ್ಕೇಲ್ ಇಟ್ಟು ಓದಿದೆ, ಹುಡುಗಿ ಪಕ್ಕದಲ್ಲಿ ಕುಳಿತು ಮತ್ತೊಮ್ಮೆ ಓದಿದಳು. ಸೆಪ್ಟೆಂಬರ್ 1ಕ್ಕೆ ಬೆಂಗಳೂರಿನಲ್ಲಿ ಬಯೋಮೆಟ್ರಿಕ್. ಮುಂದಿನ ಸೋಮವಾರ ಡಿಸಿಷನ್ ಬಂತು. ಕ್ಲಾಸು ಶುರುವಾದ ಮೂರನೇ ದಿನಕ್ಕೆ ಅವಳು ಅಲ್ಲಿದ್ದಳು.

ಈ ಜನವರಿಯಲ್ಲಿ ಹೊನ್ನಾಳಿ ಕಡೆಯಿಂದ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಭತ್ತ, ಸ್ವಲ್ಪ ಅಡಿಕೆ. ಪಾಸ್‌ಬುಕ್ ಮುಂದಿಟ್ಟರು. ತೆರೆಯುವ ಮುಂಚೆ ಕೇಳಿದೆ: ‘ಈ ಅಕೌಂಟ್ ಯಾಕೆ ತೆಗೆದಿದ್ರಿ?’

ಅವರು ಮಗನ ಮುಖ ನೋಡಿದರು. ಆಮೇಲೆ, ‘ಬೆಳೆ ಸಾಲಕ್ಕೆ ತೆಗೆದಿದ್ದು ಮೇಡಂ, ಯಾಕ್ರೀ?’ ಅಂದರು.

ನಾನು ಪಾಸ್‌ಬುಕ್ ಪಕ್ಕಕ್ಕೆ ಸರಿಸಿ, ಕಂತಿನ ತಾರೀಕುಗಳನ್ನು ಬರೆದುಕೊಳ್ಳಲು ಹಾಳೆ ತೆಗೆದುಕೊಂಡೆ.