ಬೀಗದ ಕೈ ನನ್ನ ಜೇಬಿನಲ್ಲಿತ್ತು

ಫೋನ್ ಬಂದಾಗ ನಾನು ಬ್ಯಾಂಕಿನಲ್ಲಿ ಚಲನ್ ಹಿಡಿದು ನಿಂತಿದ್ದೆ. 2018ರ ಜುಲೈ. ಬೆಳಿಗ್ಗೆ 11 ಗಂಟೆ ದಾಟಿತ್ತು. ಆ ಕಡೆಯಿಂದ ಸೂಪರ್‌ವೈಸರ್, "ಸಾರ್, ಫಸ್ಟ್ ಏಡ್ ಬಾಕ್ಸ್ ಕೀ ಎಲ್ಲಿ?" ಅಂದರು. ಏನಾಯ್ತು ಅಂತ ಕೇಳುವ ಮೊದಲೇ ನನ್ನ ಕೈ ಪ್ಯಾಂಟಿನ ಜೇಬಿಗೆ ಹೋಯಿತು. ಕೀ ಅಲ್ಲೇ ಇತ್ತು, ಸ್ಕೂಟರ್ ಕೀ ಜೊತೆ ಒಂದೇ ಗೊಂಚಲಿನಲ್ಲಿ.

"ಬೀಗ ಒಡೀರಿ" ಅಂದೆ.

ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ಒಂದು ಪ್ರೆಸ್ ಶಾಪ್ ಅದು, ಮೆಷಿನ್‌ನಲ್ಲಿ ತಗಡು ಒತ್ತಿ ಆಕಾರ ಕೊಡುವ ಜಾಗ. ಬೈಕ್ ಕಂಪನಿಗಳಿಗೆ ಮಾಲು ಕೊಡುವವರಿಗೆ ನಾವು ಬ್ರಾಕೆಟ್, ಕ್ಲಾಂಪ್ ಹೊಡೆದು ಕೊಡುತ್ತಿದ್ದೆವು. ಸುಮಾರು 60 ಜನ ಇದ್ದರು. ನಾನು ಹೆಸರಿಗೆ ಅಕೌಂಟ್ಸ್ ಅಸಿಸ್ಟೆಂಟ್. ಹಾಜರಿ, ಪಿಎಫ್, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ), ಬ್ಯಾಂಕು, ಕೊನೆಗೆ ಟಾಯ್ಲೆಟ್ಟಿಗೆ ಫಿನಾಯಿಲ್ ತರಿಸುವುದೂ ನನ್ನದೇ. ಸಣ್ಣ ಫ್ಯಾಕ್ಟರಿಯಲ್ಲಿ ಎಚ್‌ಆರ್ ಅಂದರೆ ಇಷ್ಟೇ, ಕೆಲಸ ಮಾಡಿದವರಿಗೆ ಗೊತ್ತು.

ಡಬ್ಬಕ್ಕೆ ಬೀಗ ಹಾಕಿದ್ದೂ ನಾನೇ. ತಿಂಗಳಿಗೆ ಒಂದು ಪ್ಯಾಕೆಟ್ ಬ್ಯಾಂಡ್‌ಏಡ್ ಕಾಣೆಯಾಗುತ್ತಿತ್ತು. ಓನರ್ ಬಿಲ್ ನೋಡಿ, "ಏನಪ್ಪಾ, ಬ್ಯಾಂಡ್‌ಏಡ್ ತಿಂತಾರಾ ಇವರು?" ಅಂದರು. ಮಾರನೇ ದಿನ ಬೀಗ ತಂದೆ. ಆಗ ಅದು ಜಾಣತನ ಅಂತಲೇ ಅನ್ನಿಸಿತ್ತು.

ಜಾಲಹಳ್ಳಿ ಕ್ರಾಸ್ ಸಿಗ್ನಲ್ ದಾಟಿ ಫ್ಯಾಕ್ಟರಿ ಮುಟ್ಟುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು. ನಾಲ್ಕನೇ ನಂಬರ್ ಪ್ರೆಸ್ ನಿಂತಿತ್ತು. ಅದರ ಪಕ್ಕ ಸ್ಟೂಲಿನ ಮೇಲೆ ರಾಯಚೂರು ಕಡೆಯ ಹುಡುಗ ಕೂತಿದ್ದ. ವಯಸ್ಸು 22 ಇರಬಹುದು. ಎಡಗೈಗೆ ಮೆಷಿನ್ ಒರೆಸುವ ವೇಸ್ಟ್ ಬಟ್ಟೆ ಸುತ್ತಿದ್ದರು, ಅದೇ ಆಯಿಲ್ ಹಿಡಿದ ಬನಿಯನ್ ಚೂರು. ಅದರ ಅಂಚಿನಲ್ಲಿ ಕಂದು ಬಣ್ಣದ ಪುಡಿ ಕಂಡಿತು. ಕ್ಯಾಂಟೀನ್ ಅಕ್ಕ ಓಡಿ ಬಂದು ಕಾಫಿಪುಡಿ ಒತ್ತಿದ್ದರು. ರಕ್ತ ನಿಲ್ಲಲಿ ಅಂತ. ನಮ್ಮ ಮನೇಲೂ ಅದನ್ನೇ ಮಾಡ್ತಿದ್ದದ್ದು. ಬೈಯೋಕೆ ಬಾಯಿ ಬರಲಿಲ್ಲ.

ಒಡೆದ ಡಬ್ಬ ನೆಲದ ಮೇಲೆ ಬಾಯಿ ತೆರೆದು ಬಿದ್ದಿತ್ತು. ಮುಚ್ಚಳದ ಮೇಲೆ ಹಿಂದಿನ ವರ್ಷದ ಆಯುಧಪೂಜೆಯ ಕುಂಕುಮ ಹಾಗೇ ಇತ್ತು. ಒಳಗೆ ತಳ ಕಂಡ ಡೆಟಾಲ್ ಬಾಟಲಿ. ಗಟ್ಟಿಯಾದ ಬರ್ನಾಲ್ ಟ್ಯೂಬು. 2016ಕ್ಕೇ ಡೇಟ್ ಮುಗಿದ ಮಾತ್ರೆ. ಹಳದಿ ತಿರುಗಿದ ಹತ್ತಿ. ಅದರ ಜೊತೆ ಅರ್ಧ ಪ್ಯಾಕೆಟ್ ಊದುಬತ್ತಿ, ಕರ್ಪೂರ, ಯಾವುದೋ ಬೀರುವಿನ ಕೀ. ಕತ್ತರಿ ಇರಬೇಕಾಗಿತ್ತು. ಅದು ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಟೇಪ್ ಕತ್ತರಿಸುತ್ತಿತ್ತು. ಬ್ಯಾಂಡೇಜ್ ಸುರುಳಿ ಒಂದೂ ಇರಲಿಲ್ಲ. ಅಂದರೆ ನಾನು ಬ್ಯಾಂಕಿಗೆ ಹೋಗದೆ ಸೀಟಿನಲ್ಲೇ ಇದ್ದಿದ್ದರೂ ಆ ಕೀಯಿಂದ ಏನೂ ಉಪಯೋಗ ಆಗುತ್ತಿರಲಿಲ್ಲ.

"ಏನ್ ಆಗಿಲ್ರೀ ಸರ, ತುದಿ ಅಷ್ಟ ಹೋಗೇದ" ಅಂದ ಹುಡುಗ. ಅವನೇ ನನಗೆ ಧೈರ್ಯ ಹೇಳುತ್ತಿದ್ದ.

ತೋರುಬೆರಳಿನ ಮೊದಲ ಗಿಣ್ಣು ಹೋಗಿತ್ತು. ಸೂಪರ್‌ವೈಸರ್ ಆ ತುಂಡನ್ನು ಪಕ್ಕದ ಜ್ಯೂಸ್ ಅಂಗಡಿಯ ಲೋಟದಲ್ಲಿ, ಐಸ್ ಮಧ್ಯೆ ಮುಳುಗಿಸಿ ತಂದಿದ್ದರು. ಪಾಪ, ಅವರಿಗೆ ಅಷ್ಟಾದರೂ ಹೊಳೆಯಿತು. ಆಟೋದಲ್ಲಿ ನಾನು ಆ ಲೋಟ ಹಿಡಿದುಕೊಂಡು ಕೂತೆ. ಸ್ಟ್ರಾ ಹಾಕುವ ತೂತಿದ್ದ ಮುಚ್ಚಳ ಬೇರೆ ಹಾಕಿದ್ದರು ಅದಕ್ಕೆ. ಪ್ರತಿ ರೋಡ್ ಹಂಪ್‌ಗೂ ಒಳಗೆ ಐಸ್ ಗಲಗಲ ಅನ್ನುತ್ತಿತ್ತು. ಆ ಮುಚ್ಚಳ ಇವತ್ತಿಗೂ ಕಣ್ಣ ಮುಂದೆ ಬರುತ್ತೆ.

ಆಸ್ಪತ್ರೆಯ ಡಾಕ್ಟರ್ ಲೋಟ ನೋಡಿ ನಿಟ್ಟುಸಿರು ಬಿಟ್ಟರು. ತುಂಡನ್ನು ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಬೇಕಂತೆ. ಆಮೇಲೆ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿ ಇಡಬೇಕು. ಐಸ್ ನೇರವಾಗಿ ತಾಗಿದರೆ ಮಾಂಸ ಹೆಪ್ಪುಗಟ್ಟಿ ಸಾಯುತ್ತೆ. "ಇದು ಹೇಗಿದ್ರೂ ಪ್ರೆಸ್ಸಲ್ಲಿ ಜಜ್ಜಿ ಹೋಗಿದೆ, ಸೇರಿಸೋಕೆ ಆಗ್ತಿರಲಿಲ್ಲ" ಅಂತಲೂ ಹೇಳಿದರು. ನನ್ನ ಮುಖ ನೋಡಿ ಹಾಗೆ ಹೇಳಿದರೋ, ನಿಜವಾಗಿಯೂ ಹಾಗೆಯೋ, ಕೇಳುವ ಧೈರ್ಯ ಆಗಲಿಲ್ಲ.

ಅಷ್ಟರಲ್ಲಿ ಓನರ್ ಫೋನ್. "ಮನೇಲಿ ಬಾಗಿಲಿಗೆ ಕೈ ಸಿಕ್ತು ಅಂತ ಬರೆಸೋಕಾಗುತ್ತಾ ನೋಡಪ್ಪ. ಖರ್ಚೆಲ್ಲಾ ನಾನೇ ಕೊಡ್ತೀನಿ." ಕೆಟ್ಟ ಮನುಷ್ಯ ಅಲ್ಲ. ಹೆದರಿದ್ದರು, ಅಷ್ಟೇ. ಆದರೆ ಇಎಸ್‌ಐ ಲೆಕ್ಕ ನನಗೆ ಗೊತ್ತಿತ್ತು. ಕೆಲಸದಲ್ಲಿ ಆದ ಗಾಯ ಅಂದರೆ ರಜೆಯ ದಿನಗಳಿಗೆ ಸಂಬಳದ ಶೇ. 90ರಷ್ಟು ಸಿಗುತ್ತೆ. ಬರೀ ಕಾಯಿಲೆ ರಜೆ ಅಂದರೆ ಶೇ. 70. ಅದಕ್ಕಿಂತ ದೊಡ್ಡ ವಿಷಯ, ಹೋದ ಬೆರಳಿಗೆ ಬದುಕಿರುವ ತನಕ ಬರಬೇಕಾದ ದುಡ್ಡು. ಬಾಗಿಲಿಗೆ ಸಿಕ್ಕಿದ ಬೆರಳಿಗೆ ಅದು ಬರಲ್ಲ. ಇಷ್ಟೆಲ್ಲಾ ಗೊತ್ತಿದ್ದೂ "ಆಯ್ತು ಸಾರ್, ನೋಡ್ತೀನಿ" ಅಂದೆ. ಇದನ್ನು ಮುಚ್ಚಿಡಲ್ಲ.

ಹಿಂತಿರುಗಿ ಬರುವಷ್ಟರಲ್ಲಿ ನರ್ಸ್ ಹುಡುಗನನ್ನೇ ಕೇಳಿ ಬರೆದುಕೊಂಡಾಗಿತ್ತು. ಪವರ್ ಪ್ರೆಸ್, ಇಂಥ ಫ್ಯಾಕ್ಟರಿ, ಇಷ್ಟು ಹೊತ್ತು. ಸದ್ಯ, ನಾನು ಬದುಕಿಕೊಂಡೆ ಅನ್ನಿಸಿತು.

ಸಂಜೆ ಆಫೀಸಿಗೆ ಬಂದು ವರದಿ ತುಂಬಲು ಕೂತೆ. ಇಎಸ್‌ಐಗೆ 24 ಗಂಟೆಯೊಳಗೆ ಕಳಿಸಬೇಕಿತ್ತು. ಗಾಯ ಆದವನು 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆಗಳ ಇಲಾಖೆಗೂ ತಿಳಿಸಬೇಕಿತ್ತು. ಫಾರಮ್ಮಿನ ಪ್ರಶ್ನೆಗಳೇನೂ ಕಷ್ಟದವಲ್ಲ. ಎಷ್ಟು ಹೊತ್ತಿಗೆ, ಯಾವ ಮೆಷಿನ್, ಆಗ ಏನು ಮಾಡುತ್ತಿದ್ದ, ಯಾರು ನೋಡಿದರು. ಹೊತ್ತು ಕೇಳಿದರೆ ಒಬ್ಬರು 11 ಅಂದರು, ಇನ್ನೊಬ್ಬರು ಟೀ ಆದ ಮೇಲೆ ಅಂದರು. ಕೊನೆಗೆ ನನ್ನ ಫೋನಿನ ಕಾಲ್ ಲಿಸ್ಟ್ ನೋಡಿ 11.10 ಅಂತ ಅಂದಾಜು ಮಾಡಿದೆ. ಆಕ್ಸಿಡೆಂಟ್ ಪುಸ್ತಕ ಅಂತ ಒಂದಿತ್ತು. ಬೀರುವಿನ ತಳದಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಖಾಲಿ ಇದ್ದರೆ ಒಳ್ಳೇದು ಅಂತ ನಾವೆಲ್ಲಾ ನಂಬಿದ್ದೆವು. ಗೇಟಿನ ಹತ್ತಿರ "ಅಪಘಾತ: 0" ಅಂತ ಬೋರ್ಡು ಬೇರೆ.

ಸ್ಟೋರ್ಸ್‌ನವರು ಮೆಲ್ಲಗೆ ಬಂದು, "ಸಾರ್, ಹಳೇ ಡೇಟ್ ಹಾಕಿ ನಾಲ್ಕೈದು ಎಂಟ್ರಿ ಮಾಡಿಬಿಡಿ. ಬೇರೆ ಬೇರೆ ಪೆನ್ ತಗೊಳಿ" ಅಂದರು. ಹಿಂದಿನ ಕಂಪನಿಯಲ್ಲಿ ಹಾಗೇ ಮಾಡುತ್ತಿದ್ದರಂತೆ. ಮೂರು ಪೆನ್ ತಂದು ಟೇಬಲ್ ಮೇಲಿಟ್ಟೇ ಹೋದರು. ನಾನು ಬರೆಯಲಿಲ್ಲ. ಒಳ್ಳೆಯವನಾಗಿ ಅಲ್ಲ, ಸಿಕ್ಕಿಬೀಳ್ತೀನಿ ಅಂತ.

ಮುಂದಿನ ವಾರ ಕಾರ್ಖಾನೆಗಳ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಗದರುತ್ತಾರೆ ಅಂತ ಕಾಯುತ್ತಿದ್ದೆ, ಗದರಲಿಲ್ಲ. ಖಾಲಿ ಪುಸ್ತಕ ತಿರುವಿ, "60 ಜನ, ತಗಡಿನ ಕೆಲಸ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಒಂದು ಗೀರೂ ಆಗಿಲ್ವಾ?" ಅಂದರು. ನಾನು ಸುಮ್ನೆ ನಿಂತೆ. ಆಮೇಲೆ ಅವರು ಶಾಪ್ ಒಳಗೆ ನಡೆದು, ಪ್ರೆಸ್ ನಡೆಸುವವರನ್ನು ಒಬ್ಬೊಬ್ಬರಾಗಿ, "ಕೈ ತೋರ್ಸಿ" ಅಂದರು. ಶಾಲೆಯಲ್ಲಿ ಉಗುರು ನೋಡುತ್ತಿದ್ದರಲ್ಲ, ಹಾಗೆ ಎಲ್ಲರೂ ಕೈ ಚಾಚಿದರು. ಒಬ್ಬನಿಗೆ ಉಗುರು ಸೊಟ್ಟ ಬೆಳೆದಿತ್ತು. ಒಬ್ಬನಿಗೆ ಬೆರಳ ತುದಿ ಚಪ್ಪಟೆ. ಒಬ್ಬರಿಗೆ ಹೊಲಿಗೆಯ ಗುರುತು. ನಾನು ದಿನಾ ಇವರ ಕೈಯಲ್ಲೇ ಹಾಜರಿ ಪುಸ್ತಕಕ್ಕೆ ಸೈನ್ ಹಾಕಿಸುತ್ತಿದ್ದೆ.

"ಏನಾದ್ರೂ ಗೊತ್ತಾಯ್ತಾ?" ಅಂದರು ಇನ್‌ಸ್ಪೆಕ್ಟರ್. ನನಗೆ ಗೊತ್ತಾಗಲಿಲ್ಲ. "ಎಲ್ಲಾ ಎಡಗೈ" ಅಂದರು.

ನೇರವಾಗಿ ನಾಲ್ಕನೇ ಪ್ರೆಸ್ ಹತ್ತಿರ ಹೋದರು. ಅದಕ್ಕೆ ಎರಡು ಬಟನ್ ಇವೆ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಆಗ ಎರಡು ಕೈಯೂ ತಗಡು ಒತ್ತುವ ಅಚ್ಚಿನಿಂದ (ಡೈ) ದೂರ ಇರುತ್ತವೆ. ನಮ್ಮಲ್ಲಿ ಎಡಗಡೆ ಬಟನ್ ಸಂದಿಗೆ ಬೆಂಕಿಪೊಟ್ಟಣದಷ್ಟು ಮರದ ಚಕ್ಕೆ ತುರುಕುತ್ತಿದ್ದರು. ಬಟನ್ ಒತ್ತಿದ ಹಾಗೇ ಇರುತ್ತೆ. ಎಡಗೈಯಲ್ಲಿ ಪೀಸ್ ಇಡೋದು, ಬಲಗೈಯಲ್ಲಿ ಒತ್ತೋದು. ಗಂಟೆಗೆ ಒಂದಿಷ್ಟು ಪೀಸ್ ಜಾಸ್ತಿ ಬರುತ್ತೆ. ಆ ಚಕ್ಕೆ ಆಗ ಅಲ್ಲಿರಲಿಲ್ಲ, ಯಾರೋ ತೆಗೆದಿದ್ದರು. ಆದರೆ ಬಟನ್ ಪಕ್ಕದ ಪೇಂಟ್ ಅದೇ ಅಳತೆಗೆ ಸವೆದು ಹೊಳೆಯುತ್ತಿತ್ತು. ಇನ್‌ಸ್ಪೆಕ್ಟರ್ ಅದರ ಮೇಲೆ ಬೆರಳಾಡಿಸಿ, ಸೂಪರ್‌ವೈಸರ್ ಮುಖ ನೋಡಿ ನೋಟ್ ಮಾಡಿಕೊಂಡರು.

ಸೊಟ್ಟ ಉಗುರು ಆದ ದಿನವೇ "ಎಡಗೈ, ನಾಲ್ಕನೇ ಪ್ರೆಸ್" ಅಂತ ಒಂದು ಸಾಲು ಬರೆದಿದ್ದರೆ, ಮೂರನೇ ಸಾಲಿಗಾದರೂ ನನ್ನಂಥ ದಡ್ಡನಿಗೂ ಅನುಮಾನ ಬರುತ್ತಿತ್ತು.

ಡಬ್ಬದ ಬಗ್ಗೆ ಅವರು ಹೇಳಿದ್ದು ಕಡಿಮೆ. 1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ ಓದಿಕೊಳ್ಳಿ ಅಂದರು. ಓದಿದೆ. 150 ಜನಕ್ಕೆ ಒಂದು ಡಬ್ಬ ಸಾಕು, ಅಲ್ಲಿಗೆ ನಾವು ಪಾಸು. ಮುಂದಿನ ಸಾಲುಗಳಲ್ಲಿ ಫೇಲು. ನಿಯಮದಲ್ಲಿ ಹೇಳಿದ ಸಾಮಾನು ಬಿಟ್ಟು ಡಬ್ಬದಲ್ಲಿ ಬೇರೇನೂ ಇಡಬಾರದು. ಊದುಬತ್ತಿ ಇಡಬೇಡಿ ಅಂತ ಬರೆದಿಲ್ಲ, ಆದರೆ ಅರ್ಥ ಅದೇ. ಡಬ್ಬ ನೋಡಿಕೊಳ್ಳುವವರಿಗೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಇರಬೇಕು. ಕೆಲಸದ ಹೊತ್ತು ಪೂರ್ತಿ ಅವರು ಕೈಗೆ ಸಿಗುವ ಹಾಗಿರಬೇಕು. (2025ರ ನವೆಂಬರಿನಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಈಗ ಕೆಲಸದಲ್ಲಿರುವವರು ಅದನ್ನು ನೋಡಿಕೊಳ್ಳಿ.)

ಕೆಲಸದ ಹೊತ್ತೆಲ್ಲಾ ಕೈಗೆ ಸಿಗುವವರು ಯಾರು? ನಾನು ಅರ್ಧ ದಿನ ಬ್ಯಾಂಕು, ಪಿಎಫ್ ಆಫೀಸು ಅಂತ ತಿರುಗುತ್ತೇನೆ. ಸೂಪರ್‌ವೈಸರ್ ಗಿರಾಕಿಗಳ ಹತ್ತಿರ ಓಡುತ್ತಾರೆ. ಲೆಕ್ಕ ಹಾಕಿದರೆ ಬೆಳಿಗ್ಗೆ ಬಂದು ಸಂಜೆ ತನಕ ಗೇಟ್ ದಾಟದೇ ಇರುವವರು ಒಬ್ಬರೇ. ಕ್ಯಾಂಟೀನ್ ಅಕ್ಕ.

"ಅಯ್ಯೋ, ನಂಗ್ಯಾಕ್ ಸಾರ್? ಏಳನೇ ಕ್ಲಾಸು ನಾನು" ಅಂದರು. ಬಲವಂತ ಮಾಡಿ, ಒಬ್ಬ ಪ್ರೆಸ್ ಆಪರೇಟರ್ ಜೊತೆ ಸೇಂಟ್ ಜಾನ್ ಆಂಬುಲೆನ್ಸ್‌ನವರ ಪ್ರಥಮ ಚಿಕಿತ್ಸೆ ತರಬೇತಿಗೆ ಕಳಿಸಿದೆವು. ತಿರುಗಿ ಬಂದವರು ನಮಗೆಲ್ಲಾ ಪಾಠ ಶುರು ಮಾಡಿದರು. ಗಾಯದ ಮೇಲೆ ಸ್ವಚ್ಛ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀಬೇಕು, ಕೈ ಮೇಲೆತ್ತಬೇಕು, ಆಗಾಗ ತೆಗೆದು ಇಣುಕಬಾರದು. ಉಂಗುರ ಇದ್ದರೆ ಊದುವ ಮೊದಲೇ ಬಿಚ್ಚಬೇಕು. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರು, ಪೇಸ್ಟ್ ಗೀಸ್ಟ್ ಏನೂ ಹಚ್ಚಬಾರದು. ಕಾಫಿಪುಡಿಯ ಮಾತು ಬಂದಾಗ ಮಾತ್ರ ತಲೆ ತಗ್ಗಿಸಿ, "ಗೊತ್ತಿರ್ಲಿಲ್ಲ ಕಣಪ್ಪ" ಅಂದರು. ಹುಡುಗ ಆಗ ಆಸ್ಪತ್ರೆಯಿಂದ ಬಂದಿರಲಿಲ್ಲ. ಹೇಳಿದ್ದು ಯಾರಿಗೆ ಅಂತ ಎಲ್ಲರಿಗೂ ಗೊತ್ತಾಯಿತು.

ಪುಸ್ತಕ ಮಾತ್ರ ಸುಲಭವಾಗಿ ತುಂಬಲಿಲ್ಲ. "ಸಣ್ಣದು ಬಿಡಿ ಸಾರ್" ಅನ್ನುತ್ತಿದ್ದರು. ಬರೆದರೆ ಸಂಬಳ ಹಿಡೀತಾರೆ ಅಂತ ಗುಮಾನಿ. ಗೇಟಿನ ಬೋರ್ಡ್ ಕೆಳಗಿಳಿಸಿದ ಮೇಲೆ ಸ್ವಲ್ಪ ಸಲೀಸಾಯಿತು. ಮೂರು ತಿಂಗಳಲ್ಲಿ 17 ಸಾಲು ಆದವು. ಅರ್ಧಕ್ಕಿಂತ ಜಾಸ್ತಿ ತಗಡು ಇಳಿಸುವಾಗ ಆದ ಗೀರು. ಗ್ಲೌಸ್ ನೋಡಿದರೆ ಹೆಬ್ಬೆರಳ ಹತ್ತಿರ ತೂತು. ಎರಡು ತಿಂಗಳಿಗೊಮ್ಮೆ ಕೊಡುತ್ತಿದ್ದದ್ದನ್ನು ತಿಂಗಳಿಗೊಮ್ಮೆ ಮಾಡಿದೆವು. ಓನರ್ ಗೊಣಗಿದರು, ಸೈನ್ ಹಾಕಿದರು.

ಹುಡುಗ ಎರಡು ತಿಂಗಳ ಮೇಲೆ ವಾಪಸ್ ಬಂದ. ಅವನನ್ನು ಪ್ಯಾಕಿಂಗ್‌ಗೆ ಹಾಕಿದೆವು. ಇಎಸ್‌ಐ ಮೆಡಿಕಲ್ ಬೋರ್ಡಿಗೆ ಹೋಗುವ ಮೊದಲು ಇಎಸ್‌ಐ ಕಾಯ್ದೆಯ ಪಟ್ಟಿ ತೋರಿಸಿ ಹೇಳಿದೆ. ಯಾವ ಗಾಯಕ್ಕೆ ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವ ಲೆಕ್ಕ ಅದು. ತೋರುಬೆರಳು ಪೂರ್ತಿ ಹೋದರೆ ಶೇ. 14, ಎರಡು ಗಿಣ್ಣಿಗೆ 11, ಒಂದು ಗಿಣ್ಣಿಗೆ 9.

"ನೂರಕ್ಕ ಒಂಬತ್ತ ಏನ್ರೀ ಸರ?" ಅಂತ ಆ ಮೋಟು ಬೆರಳನ್ನೇ ಪಟ್ಟಿಯ ಮೇಲಿಟ್ಟು ಕೇಳಿದ. ಹೌದು ಅಂದೆ. ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿ, "ಇಷ್ಟ ಉದ್ದಕ್ಕ ಬರೆದಾರ ನೋಡ್ರಿ, ಯಾರೋ ಒಬ್ರು ಕುಂತು" ಅಂದ.

ಹೊಸ ಡಬ್ಬ ಕ್ಯಾಂಟೀನ್ ಬಾಗಿಲ ಪಕ್ಕ ನೇತು ಹಾಕಿದೆವು. ಬೀಗ ಇಲ್ಲ. ಪ್ರತಿ ಸೋಮವಾರ ಅಕ್ಕ ಎಣಿಸಿ ಚೀಟಿ ಬರೆದು ಕೊಡುತ್ತಿದ್ದರು. ಗಾಜ್ ಬಟ್ಟೆ 10, ಬ್ಯಾಂಡೇಜ್ 6, ಕತ್ತರಿ 1. ಬ್ಯಾಂಡ್‌ಏಡ್ ಲೆಕ್ಕ ಮಾತ್ರ ಯಾವತ್ತೂ ಪುಸ್ತಕಕ್ಕೆ ತಾಳೆ ಆಗುತ್ತಿರಲಿಲ್ಲ. ಒಂದು ದಿನ ಕೇಳಿಯೇ ಬಿಟ್ಟೆ.

"ಮಕ್ಳಿಗೆ ಅಂತ ಒಂದೆರಡು ಜೇಬಿಗೆ ಹಾಕೊಂಡ್ ಹೋಗ್ತಾರೆ ಸಾರ್" ಅಂದರು ಅಕ್ಕ, ಟೀ ಸೋಸುತ್ತಾ. "ಹೋಗ್ಲಿ ಬಿಡಿ. ಚೀಟೀಲಿ ಎರಡು ಪ್ಯಾಕೆಟ್ ಜಾಸ್ತಿ ಬರ್ಕೊಳಿ."

ಬರೆದುಕೊಂಡೆ.