ಬಿಳಿ ಮೂರಕ್ಕೂ ಬಿಳಿ ನಾಲ್ಕಕ್ಕೂ ನಡುವೆ

ಗದಗ, 14 ಡಿಸೆಂಬರ್ 2014, ಭಾನುವಾರ

ಲಕ್ಕುಂಡಿಯಿಂದ ಸಂಜೆಯ ಬಸ್ಸಿಗೆ ಮರಳಿದೆ. ಚೀಲದಲ್ಲಿ ದೊಡ್ಡವ್ವ ಕಟ್ಟಿಕೊಟ್ಟ ಹಸಿ ಕಡಲೆಯ ಸುಲಗಾಯಿ, ಅದರ ಕೆಳಗೆ ಕೆಟ್ಟುಹೋದ ಎರಡು ಡಿವಿಡಿ. ರಾತ್ರಿ ಹನ್ನೊಂದಾಗಿದೆ. ಮೂರನೆಯದು ಈಗ ತಾನೇ ಸರಿಯಾಯಿತು. ನಿದ್ದೆ ಬರುವ ಮೊದಲು ಎಲ್ಲವನ್ನೂ ಬರೆದಿಡುತ್ತೇನೆ. ಮನೆಯಲ್ಲಿ ಹಳೆಯ ವಿಸಿಡಿ, ಅಂದರೆ ವಿಡಿಯೊ ತುಂಬಿದ ಸಿಡಿ, ಇಟ್ಟುಕೊಂಡವರು ಇನ್ನೂ ಬಹಳ ಮಂದಿ ಇದ್ದಾರೆ.

ನಮ್ಮ ದೊಡ್ಡಪ್ಪ ಭಜನಾ ಮೇಳದ ಹಾರ್ಮೋನಿಯಂ ಹಿಡಿದು ನಲವತ್ತು ವರ್ಷ ದಾಟಿದೆ. 2003ರ ಜಾತ್ರೆಯ ರಾತ್ರಿ ಮೇಳ ಹಾಡಿದ ತತ್ವಪದಗಳನ್ನು ಯಾರೋ ಚಿತ್ರೀಕರಿಸಿ ವಿಸಿಡಿ ಮಾಡಿಕೊಟ್ಟಿದ್ದರು. ನಲವತ್ತೆರಡು ನಿಮಿಷ, ಐದು ಪದ. ಅದರಲ್ಲಿ ಹಾಡಿದವರು ದೊಡ್ಡಪ್ಪನ ಜೀವದ ಗೆಳೆಯ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರ ದನಿ ಉಳಿದಿರುವುದು ಆ ಒಂದು ಡಿಸ್ಕಿನಲ್ಲಿ ಮಾತ್ರ. ಅದರ ಮೈತುಂಬ ಗೀರು ಬಿದ್ದು, ಮೂರನೆಯ ಪದದಲ್ಲಿ ಪ್ಲೇಯರ್ ತಡವರಿಸತೊಡಗಿತ್ತು. ಡಿವಿಡಿಗೆ ಇಳಿಸಿಕೊಡುತ್ತೇನೆ, ಬೇಕಾದ ಪದವನ್ನು ರಿಮೋಟಿನಿಂದಲೇ ಆರಿಸಿಕೊಳ್ಳಬಹುದು ಎಂದು ಮಾತು ಕೊಟ್ಟಿದ್ದೆ.

ಚಿತ್ರದ ಪಾಡು ಸುಲಭ. ವಿಸಿಡಿಯ ಚಿತ್ರ ಎಂಪೆಗ್-1 ಎಂಬ ಬಗೆಯದು, ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ 352 x 288 ಚುಕ್ಕಿ. ಡಿವಿಡಿ ಅದನ್ನು ಇದ್ದ ಹಾಗೆಯೇ ಒಪ್ಪಿಕೊಳ್ಳುತ್ತದೆ, ಮತ್ತೆ ಪರಿವರ್ತಿಸಿ ಕೆಡಿಸಬೇಕಾಗಿಲ್ಲ. ತೊಂದರೆಯೆಲ್ಲ ಧ್ವನಿಯದು. ವಿಸಿಡಿಯ ಧ್ವನಿಯನ್ನು ಹಾಡಿನ ಸಿಡಿಯಂತೆ ಸೆಕೆಂಡಿಗೆ 44,100 ಮಾದರಿಗಳಾಗಿ, ಅಂದರೆ ಸದ್ದಿನ ಅಳತೆಗಳಾಗಿ, ತುಂಬಿರುತ್ತಾರೆ. ಡಿವಿಡಿ ಕೇಳುವುದು 48,000. ಈ ಅಂತರ ನನಗೆ ಗೊತ್ತಿರಲಿಲ್ಲವೆಂದಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲ ಡಿಸ್ಕಿನಲ್ಲಿ ಮಾಡಿದ ತಪ್ಪೇ ಬೇರೆ. ಮೂಲದಲ್ಲಿ ಕರೆಂಟಿನ ಗುಂಯ್‌ಗುಡುವಿಕೆ ಇತ್ತು. ಧ್ವನಿಯನ್ನು ಪ್ರತ್ಯೇಕಿಸಿ, ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಹಾಕಿ 50 ಹರ್ಟ್ಸಿನ ಆ ಸದ್ದನ್ನು ತಗ್ಗಿಸಿ, ಎಂಪಿ3 ಆಗಿ ಉಳಿಸಿ, ಚಿತ್ರಕ್ಕೆ ಮರಳಿ ಜೋಡಿಸಿದೆ. ಕಂಪ್ಯೂಟರಿನಲ್ಲಿ ವಿಡಿಯೊ ತೋರಿಸುವ ವಿಎಲ್‌ಸಿ ತಂತ್ರಾಂಶ ಚೆನ್ನಾಗಿಯೇ ನುಡಿಸಿತು. ಹೋದ ಭಾನುವಾರ ಲಕ್ಕುಂಡಿಯಲ್ಲಿ ಹಾಕಿದರೆ ಚಿತ್ರವಷ್ಟೇ, ಸದ್ದಿಲ್ಲ. ಗೆಳೆಯ ಬಾಯಿ ತೆರೆಯುತ್ತಾರೆ, ದನಿ ಬರುವುದಿಲ್ಲ. ದೊಡ್ಡಪ್ಪ ಟಿವಿಯ ಹಿಂದಿನ ಕೆಂಪು, ಬಿಳಿ ವಯರುಗಳನ್ನು ಕಿತ್ತು ಮತ್ತೆ ಚುಚ್ಚಿದರು. ನಾನು ಪ್ಲೇಯರಿನ ಸೆಟ್ಟಿಂಗ್ ತೆರೆದು ಧ್ವನಿಯ ಆಯ್ಕೆಗಳನ್ನೆಲ್ಲ ತಡಕಾಡಿದೆ. ಕಾರಣ ಅಲ್ಲಿರಲಿಲ್ಲ. ವಿಎಲ್‌ಸಿ ಬಹುತೇಕ ಎಲ್ಲ ಬಗೆಯ ಧ್ವನಿಯನ್ನೂ ಬಿಡಿಸಿಕೊಳ್ಳುತ್ತದೆ. ಡಿವಿಡಿ ವಿಡಿಯೊದ ನಿಯಮ ಬಿಗಿಯಾದದ್ದು: ಪಾಲ್ ಡಿಸ್ಕಿನಲ್ಲಿ ಎಸಿ-3, ಪಿಸಿಎಂ ಇಲ್ಲವೇ ಎಂಪಿ2, ಈ ಮೂರು ಬಗೆಯ ಧ್ವನಿಯಲ್ಲಿ ಒಂದಾದರೂ ಇರಲೇಬೇಕು. ಎಂಪಿ3ಗೆ, ಮೊಬೈಲಿನಲ್ಲಿ ಚಿತ್ರೀಕರಿಸಿದಾಗ ಬರುವ ಎಎಸಿಗೆ ಅಲ್ಲಿ ಜಾಗವೇ ಇಲ್ಲ.

ಹಾಗಾದರೆ ಪಿಸಿಎಂ ಇರಲಿ, ಒತ್ತಿ ಕುಗ್ಗಿಸದ ಶುದ್ಧ ಧ್ವನಿ ಎಂದುಕೊಂಡು ಎರಡನೆಯ ಡಿಸ್ಕಿಗೆ ಪಿಸಿಎಂ ಧ್ವನಿಯ ವೇವ್ ಕಡತ ಕೊಟ್ಟೆ. ಅದು 44,100ರದ್ದು. ಡಿಸ್ಕ್ ಕಟ್ಟುವ ತಂತ್ರಾಂಶ ಏನೂ ಕೇಳದೆ ಅದರ ಮೇಲೆ 48,000 ಎಂದು ಚೀಟಿ ಅಂಟಿಸಿತು. ಸದ್ದು ಬರುತ್ತಿದೆಯೇ ಎಂದು ಮನೆಯಲ್ಲಿ ಅರ್ಧ ನಿಮಿಷ ಕೇಳಿ, ತೃಪ್ತನಾಗಿ ಬಸ್ ಹತ್ತಿದೆ.

ಇವತ್ತು ದೊಡ್ಡಪ್ಪ ಎರಡು ಸಾಲು ಕೇಳಿ ಕೈಯೆತ್ತಿ ನಿಲ್ಲಿಸಲು ಹೇಳಿದರು. ಒಳಗಿನಿಂದ ಹಾರ್ಮೋನಿಯಂ ಪೆಟ್ಟಿಗೆ ತಂದರು. "ನಾವು ಆ ರಾತ್ರಿ ಹಾಡಿದ್ದು ಕಾಳಿ ಎರಡರಲ್ಲಿ" ಎಂದು ಎರಡನೆಯ ಕಪ್ಪು ಮನೆ (ಕೀಲಿ) ಒತ್ತಿ ತೋರಿಸಿದರು. ಡಿಸ್ಕಿನ ಷಡ್ಜ, ಅಂದರೆ ಹಾಡಿನ ಆಧಾರ ಸ್ವರ, ಬಹಳ ಮೇಲಿತ್ತು. ಬಿಳಿ ಮೂರು ಒತ್ತಿದರು, ಕೂಡಲಿಲ್ಲ. ಬಿಳಿ ನಾಲ್ಕು ಒತ್ತಿದರು, ಅದೂ ಕೂಡಲಿಲ್ಲ. "ತಮ್ಮಾ, ಇದು ಎರಡರ ನಡುವೆ ಇದೆ. ಪೆಟ್ಟಿಗೆಯಲ್ಲಿ ಇದಕ್ಕೆ ಮನೆ ಇಲ್ಲ. ಇದು ಅವನ ದನಿ ಅಲ್ಲ."

ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. 44,100ಕ್ಕೆ ತುಂಬಿದ್ದನ್ನು 48,000ರ ವೇಗದಲ್ಲಿ ಓಡಿಸಿದರೆ ಧ್ವನಿ ಸುಮಾರು 8.8 ಶೇಕಡಾ ಏರುತ್ತದೆ, ಅಂದರೆ ಹಾರ್ಮೋನಿಯಂನಲ್ಲಿ ಒಂದೂವರೆ ಮನೆಯಷ್ಟು. ಕಾಳಿ ಎರಡರಿಂದ ಒಂದು ಮನೆ ಏರಿದರೆ ಬಿಳಿ ಮೂರು, ಎರಡು ಏರಿದರೆ ಬಿಳಿ ನಾಲ್ಕು. ದೊಡ್ಡಪ್ಪನ ಕಿವಿ ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆ ಕಿವಿಗೆ ನಾನು ಬಸ್ಸಿನಲ್ಲಿಯೇ ಕೈಮುಗಿದೆ. ಇನ್ನೊಂದು ಲೆಕ್ಕವೂ ಹೊಂದಿತು: ನಲವತ್ತೆರಡು ನಿಮಿಷದ ಧ್ವನಿ ಚಿತ್ರಕ್ಕಿಂತ 3 ನಿಮಿಷ 25 ಸೆಕೆಂಡು ಮೊದಲೇ ಮುಗಿಯಬೇಕು. ಮನೆಗೆ ಬಂದು ಡಿಸ್ಕನ್ನು ಕೊನೆಗೆ ಓಡಿಸಿ ನೋಡಿದೆ. ಮಂಗಳಾರತಿಯ ಹೊತ್ತಿಗೆ ಎಲ್ಲ ಮೌನ.

ಚೀಟಿ ಬದಲಿಸಿದರೆ ಸಾಲದು, ಮಾದರಿಗಳನ್ನೇ ಹೊಸದಾಗಿ ಎಣಿಸಬೇಕು. 44,100ಕ್ಕೂ 48,000ಕ್ಕೂ ಇರುವ ಅನುಪಾತದಂತೆ 147 ಇದ್ದ ಕಡೆ 160 ಮಾಡಬೇಕು, ಆಗ ಶ್ರುತಿಯೂ ಉಳಿಯುತ್ತದೆ, ಅವಧಿಯೂ ಉಳಿಯುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತನೆಯ ತಂತ್ರಾಂಶ ಅದನ್ನು ಒಂದೆರಡು ನಿಮಿಷದಲ್ಲಿ ಮಾಡಿತು. ವೇವ್ ಕಡತದಿಂದ ನೇರವಾಗಿ 48,000ರ ಎಸಿ-3 ಮಾಡಿದೆ, ಸ್ಟೀರಿಯೊ, ಸೆಕೆಂಡಿಗೆ 192 ಕಿಲೋಬಿಟ್. ಪಿಸಿಎಂ ಬಿಟ್ಟೆ. ಅದಕ್ಕೆ 1,536 ಕಿಲೋಬಿಟ್ ಬೇಕು, ಹಳೆಯ ಕ್ಯಾಮೆರಾದ ಮೈಕಿನಲ್ಲಿ ಹಿಡಿದ ಧ್ವನಿಗೆ ಅಷ್ಟು ಜಾಗ ಕೊಟ್ಟು ಪಡೆಯುವುದೇನಿಲ್ಲ. ಡಿಸ್ಕ್ ಕಟ್ಟುವಾಗ ಚಿತ್ರವನ್ನು ಮುಟ್ಟಬೇಡ, ಧ್ವನಿಯನ್ನು ಮುಟ್ಟಬೇಡ ಎಂಬ ಎರಡೂ ಗುರುತು ಹಾಕಿದೆ. ಕೊನೆಗೆ ಅಟ್ಟದ ಮೇಲಿದ್ದ ನಮ್ಮ ಹಳೆಯ ಪ್ಲೇಯರನ್ನು ಕೆಳಗಿಳಿಸಿ, ಧೂಳು ಒರೆಸಿ, ಟಿವಿಗೆ ಜೋಡಿಸಿದೆ. ಮೊದಲ ದಿನವೇ ಇಳಿಸಬೇಕಿತ್ತು.

ಹತ್ತು ಗಂಟೆಗೆ ದೊಡ್ಡಪ್ಪನಿಗೆ ಫೋನ್ ಮಾಡಿ, ಮೊಬೈಲನ್ನು ಟಿವಿಯ ಸ್ಪೀಕರಿನ ಹತ್ತಿರ ಹಿಡಿದೆ. ಆ ಕಡೆ ಪೆಟ್ಟಿಗೆಗೆ ಗಾಳಿ ತುಂಬುವ ಬಾತೆ ಎಳೆದ ಸದ್ದು, ಆಮೇಲೆ ಕಾಳಿ ಎರಡು. ಹನ್ನೊಂದು ವರ್ಷದ ಹಿಂದಿನ ಷಡ್ಜ, ಇವತ್ತಿನ ಷಡ್ಜ ಒಂದರೊಳಗೊಂದು ಸೇರಿ ಬೇರೆ ಕೇಳಿಸದಾಯಿತು. ದೊಡ್ಡಪ್ಪ ಮಾತನಾಡಲಿಲ್ಲ, ಗೆಳೆಯನಿಗೆ ಸಾಥ್ ಕೊಡುತ್ತ ನುಡಿಸಿಕೊಂಡೇ ಹೋದರು. ಪದ ಮುಗಿಯುವವರೆಗೂ ನಾನು ಕೈ ಕೆಳಗಿಳಿಸಲಿಲ್ಲ.

"ಇನ್ನೊಂದು ಪ್ರತಿ ಮಾಡು, ಅವನ ಮಗಳಿಗೆ ಕೊಡಬೇಕು" ಎಂದರು.

ಆ ಪ್ರತಿ ಈಗ ಡಿಸ್ಕಿಗೆ ಇಳಿಯುತ್ತಿದೆ.